ಮನೆ ಬದಲಾದರೆ ಕಡತವೂ ಬದಲಾಗಬೇಕು

(ಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

 

ನಾನು ತತ್ವ ಹೇಳುವಷ್ಟು ಓದಿದವನಲ್ಲ. ಕೃಷ್ಣಾ ಮೇಲ್ದಂಡೆ ಯೋಜನೆಯ ಕಾಲುವೆಗಳ ಮೇಲೆ ವರ್ಷಗಟ್ಟಲೆ ಓಡಾಡಿ ನಿವೃತ್ತನಾದ ಇಂಜಿನಿಯರ್. ಈಗ ಕಾಲುವೆ ಇಲ್ಲ, ಆದರೆ ಮನೆಗೆ ಅರ್ಜಿ ಹಿಡಿದು ಬರುವವರಿದ್ದಾರೆ. 'ಸಾಹೇಬರೇ, ನೀವು ಸರ್ಕಾರದಾಗ ಇದ್ದವರು, ಇದೇನು ಕೇಳ್ಯಾರ ನೋಡ್ರಿ' ಅನ್ನುತ್ತಾರೆ. ಹಾಗೆ ಬಂದವರಲ್ಲಿ ಹೆಚ್ಚಿನವರು ಚಿಕ್ಕ ಮಕ್ಕಳ ತಾಯಂದಿರು. ಅವರೊಂದಿಗೆ ಕುಳಿತು ನಾನು ತಿಳಿದುಕೊಂಡದ್ದನ್ನು ಇಂದು ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಒಂದು ಮಾತು. ಸರ್ಕಾರದ ಪ್ರತಿಯೊಂದು ಯೋಜನೆಯೂ ಒಂದು ದಿನ ನಿಮ್ಮ ಮನೆಯ ಫೋಟೋ ತೆಗೆದಿರುತ್ತದೆ. ಯಜಮಾನಿ ಯಾರು, ದುಡಿಯುವವರು ಯಾರು, ಮಕ್ಕಳೆಷ್ಟು, ಆದಾಯವೆಷ್ಟು ಎಂಬುದು ಅದರಲ್ಲಿದೆ. ಆಮೇಲೆ ಮನೆ ಬದಲಾಗುತ್ತಲೇ ಇರುತ್ತದೆ. ಗಂಡ ಲಿಂಗೈಕ್ಯರಾಗುತ್ತಾರೆ, ಸೊಸೆ ತವರಿಗೆ ಬರುತ್ತಾಳೆ, ಅಣ್ಣತಮ್ಮಂದಿರು ಬೇರೆಯಾಗುತ್ತಾರೆ, ಮಗನಿಗೆ ಹದಿನೆಂಟು ತುಂಬುತ್ತದೆ. ಕಡತಕ್ಕೆ ಇದು ತಾನಾಗಿ ತಿಳಿಯುವುದಿಲ್ಲ. ಕಾಲುವೆಯಲ್ಲೂ ಹೀಗೇ. ನಕ್ಷೆಯಲ್ಲಿ ತೂಬು ಒಂದು ಕಡೆ, ಹೊಲ ಇನ್ನೊಂದು ಕಡೆ ಇದ್ದರೆ ಜಲಾಶಯ ತುಂಬಿದ್ದರೂ ಆ ಹೊಲ ಒಣಗುತ್ತದೆ. ಮನೆ ಬದಲಾದರೆ ಕಡತವೂ ಬದಲಾಗಬೇಕು. ಅದನ್ನು ಬದಲಿಸುವ ಹೊಣೆ ತಂದೆತಾಯಿಯದು. ಅವರಿಗೆ ಆಗದಿದ್ದಾಗ ನಮ್ಮದು.

ಈ ಹೊಣೆಗೆ ನಮ್ಮವರಲ್ಲಿ ಎರಡು ಅಡ್ಡಿಗಳಿವೆ. ಒಂದು ಸಂಕೋಚ. 'ನಮ್ಮದು ದಾಸೋಹದ ಮನೆ, ನಾವು ಕೊಟ್ಟವರು, ಕೈ ಚಾಚಿದವರಲ್ಲ' ಎಂಬ ಮಾತು. ಎರಡು ಎಕರೆ ಒಣಬೇಸಾಯದ ಮನೆಯಲ್ಲಿಯೂ ಈ ಮಾತು ಕೇಳಿದ್ದೇನೆ. ಒಳ್ಳೆಯ ಮಾತೇ. ಆದರೆ ದಾಸೋಹದ ಪಂಕ್ತಿಯಲ್ಲಿ ಕುಳಿತವರನ್ನು ನಾವು ಎಂದಾದರೂ ಭಿಕ್ಷುಕರೆಂದಿದ್ದೇವೆಯೇ? ಎಲ್ಲರ ಕಾಯಕದಿಂದ ಕೂಡಿದ್ದು ಹಸಿದವನಿಗೆ ಸಲ್ಲುತ್ತದೆ, ಅಷ್ಟೆ. ಬೆಂಕಿಪೊಟ್ಟಣ ಕೊಂಡವನೂ ತೆರಿಗೆ ಕಟ್ಟಿದ್ದಾನೆ. ಆ ಬೊಕ್ಕಸದಿಂದ ಮಗುವಿನ ಓದಿಗೆ ನೆರವು ಬಂದರೆ ಅದರಲ್ಲಿ ತಲೆ ತಗ್ಗಿಸುವಂಥದ್ದೇನಿಲ್ಲ. ಸುಳ್ಳು ಹೇಳಿ ತೆಗೆದುಕೊಂಡರೆ ಮಾತ್ರ ತಲೆ ತಗ್ಗಿಸಬೇಕು. ಅದಕ್ಕೆ ಆಮೇಲೆ ಬರುತ್ತೇನೆ.

ಎರಡನೆಯ ಅಡ್ಡಿ ಇನ್ನೂ ದೊಡ್ಡದು. ಗಂಡನನ್ನು ಕಳೆದುಕೊಂಡ ಹೆಣ್ಣುಮಗಳನ್ನು ತಿಂಗಳುಗಟ್ಟಲೆ ಹೊಸ್ತಿಲು ದಾಟಿಸದ ರೂಢಿ ನಮ್ಮ ಎಷ್ಟೋ ಮನೆಗಳಲ್ಲಿ ಇನ್ನೂ ಇದೆ. ಶರಣರು ಪಂಚಸೂತಕಗಳನ್ನೇ ಒಪ್ಪಲಿಲ್ಲ. ಸಾವಿನ ಸೂತಕವೂ ಆ ಐದರಲ್ಲಿ ಒಂದು. ಹಾಗಿರುವಾಗ ಈ ರೂಢಿ ನಮ್ಮೊಳಗೆ ಹೇಗೆ ಉಳಿಯಿತು? ಇದರ ಲೆಕ್ಕ ನೋಡಿ. ಮರಣವನ್ನು 21 ದಿನಗಳೊಳಗೆ ನೋಂದಾಯಿಸಬೇಕೆಂದು ಕಾನೂನು ಹೇಳುತ್ತದೆ. ತಡವಾದಷ್ಟೂ ಶುಲ್ಕ, ಪ್ರಮಾಣಪತ್ರ, ಅನುಮತಿ ಎಂದು ಬೆಳೆಯುತ್ತದೆ. ಒಂದು ವರ್ಷ ಕಳೆದರೆ ಮ್ಯಾಜಿಸ್ಟ್ರೇಟರ ಆದೇಶವೇ ಬೇಕು. ಮರಣಪತ್ರವಿಲ್ಲದೆ ಮುಂದಿನ ಯಾವ ಬಾಗಿಲೂ ತೆರೆಯುವುದಿಲ್ಲ. ತಾಯಿಯನ್ನು ಒಳಗೆ ಕೂಡಿಸಿದರೆ ಮಕ್ಕಳ ಅನ್ನ ಹೊರಗೆ ನಿಲ್ಲುತ್ತದೆ.

ಒಂದು ಉದಾಹರಣೆ ಹೇಳುತ್ತೇನೆ. ನಮ್ಮ ಬಳಗದ ಒಬ್ಬ ಹೆಣ್ಣುಮಗಳು, ಮೂವತ್ತು ತುಂಬಿಲ್ಲ. ಗಂಡ ಬಾಡಿಗೆ ಗಾಡಿಯ ಡ್ರೈವರ್, ಜ್ವರದಿಂದ ಹೋದ. ಇಬ್ಬರು ಮಕ್ಕಳು, ಶಾಲೆಗೆ ಹೋಗುವವು. ಆರು ತಿಂಗಳ ಮೇಲೆ ತವರಿಗೆ ಬಂದಳು. ಅವಳ ಹೆಸರು, ಮಕ್ಕಳ ಹೆಸರು ಇನ್ನೂ ಅತ್ತೆಯ ಮನೆಯ ರೇಷನ್ ಕಾರ್ಡಿನಲ್ಲಿ. ಆದಾಯ ಪ್ರಮಾಣಪತ್ರದಲ್ಲಿ ಗಂಡ ದುಡಿಯುತ್ತಿದ್ದಾಗಿನ ಆದಾಯ. ಆ ಪತ್ರಕ್ಕೆ ಐದು ವರ್ಷ ಅವಧಿ ಇದೆಯಲ್ಲ, ಯಾಕೆ ಬದಲಿಸಬೇಕು ಎಂದು ಮನೆಯವರು ಸುಮ್ಮನಿದ್ದರು. ಅವಧಿ ಇರಬಹುದು, ಆದರೆ ಅದರಲ್ಲಿ ಬರೆದದ್ದು ಈಗ ನಿಜವಲ್ಲ. ನಾವು ಕುಳಿತು ಕ್ರಮ ಹಾಕಿಕೊಂಡೆವು. ಆ ಕ್ರಮವನ್ನೇ ನಿಮಗೂ ಹೇಳುತ್ತೇನೆ.

ಮೊದಲು ಮರಣಪತ್ರ. ನಾಲ್ಕೈದು ಪ್ರತಿ ಒಟ್ಟಿಗೇ ತೆಗೆಸಿರಿ. ಗಂಡನ ಹೆಸರು ಆಧಾರ್, ಪಾಸ್‌ಬುಕ್, ಮರಣಪತ್ರ ಮೂರರಲ್ಲೂ ಒಂದೇ ರೀತಿ ಇದೆಯೇ ನೋಡಿರಿ. ಒಂದರಲ್ಲಿ ಅಪ್ಪನ ಹೆಸರು, ಇನ್ನೊಂದರಲ್ಲಿ ಅಡ್ಡಹೆಸರು ಇದ್ದರೆ ಅಲ್ಲಿಯೇ ಅರ್ಜಿ ನಿಲ್ಲುತ್ತದೆ.

ಎರಡನೆಯದು ಅವನ ಬ್ಯಾಂಕ್ ಪಾಸ್‌ಬುಕ್. ಮೇ ತಿಂಗಳ ಕೊನೆಯ ಸಾಲುಗಳನ್ನು ನೋಡಿರಿ. 436 ರೂಪಾಯಿ ಕಡಿತವಾಗಿದ್ದರೆ ಅದು ಪ್ರಧಾನಮಂತ್ರಿ ಜೀವನಜ್ಯೋತಿ ವಿಮೆ. ಯಾವ ಕಾರಣದಿಂದ ತೀರಿಕೊಂಡರೂ ನಾಮಿನಿಗೆ 2 ಲಕ್ಷ ರೂಪಾಯಿ. 20 ರೂಪಾಯಿ ಕಡಿತವಾಗಿದ್ದರೆ ಅದು ಸುರಕ್ಷಾ ವಿಮೆ. ಅಪಘಾತದ ಸಾವಿಗೆ 2 ಲಕ್ಷ. ಬ್ಯಾಂಕಿನವರು ಹೇಳಿದ ಕಡೆ ಸಹಿ ಮಾಡಿ ಬಂದ ಗಂಡ ಮನೆಯಲ್ಲಿ ಹೇಳಿರುವುದಿಲ್ಲ. ಹೆಂಡತಿ ಕೇಳದೆ ಹಣ ತಾನಾಗಿ ಬರುವುದೂ ಇಲ್ಲ.

ಮೂರನೆಯದು ರೇಷನ್ ಕಾರ್ಡು. ಅತ್ತೆ ಮನೆಯ ಕಾರ್ಡಿನಿಂದ ತನ್ನ ಮತ್ತು ಮಕ್ಕಳ ಹೆಸರು ತೆಗೆಸಿ ತವರಿನ ಕಾರ್ಡಿಗೆ ಸೇರಿಸುವುದೋ, ಬೇರೆ ಒಲೆ ಹೂಡಿದ್ದರೆ ಬೇರೆ ಕಾರ್ಡಿಗೆ ಅರ್ಜಿ ಹಾಕುವುದೋ ಎಂದು ತೀರ್ಮಾನಿಸಬೇಕು. ಇದು ಬರೀ ಅಕ್ಕಿಯ ಪ್ರಶ್ನೆಯಲ್ಲ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಹದಿನೆಂಟು ದಾಟಿದ ಹಿರಿಯ ಹೆಣ್ಣುಮಗಳೇ ಕಾರ್ಡಿನ ಯಜಮಾನಿ. ನಮ್ಮ ರಾಜ್ಯದಲ್ಲಿ 2023ರ ಆಗಸ್ಟ್ 30ರಂದು ಆರಂಭವಾದ ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಸಲ್ಲುವುದೂ ಆ ಯಜಮಾನಿಗೇ, ಒಂದು ಕಾರ್ಡಿಗೆ ಒಬ್ಬಳಿಗೇ. ರೇಷನ್ ಕಾರ್ಡು ಮುಖ್ಯ ಕಾಲುವೆಯ ಬಾಗಿಲಿದ್ದಂತೆ. ಅದು ಸರಿಯಿಲ್ಲದಿದ್ದರೆ ಕೆಳಗಿನ ಎಷ್ಟೋ ತೂಬುಗಳಿಗೆ ನೀರಿಲ್ಲ.

ನಾಲ್ಕನೆಯದು ಹೊಸ ಆದಾಯ ಪ್ರಮಾಣಪತ್ರ. ಐದನೆಯದಾಗಿ ಅದನ್ನು ಇಟ್ಟುಕೊಂಡು ನಾಡಕಚೇರಿಯಲ್ಲಿ ಎರಡು ಅರ್ಜಿ. ಒಂದು ವಿಧವಾ ವೇತನ, ತಿಂಗಳಿಗೆ 800 ರೂಪಾಯಿ. ಇನ್ನೊಂದು ರಾಷ್ಟ್ರೀಯ ಕುಟುಂಬ ನೆರವು ಯೋಜನೆ. ಬಡತನ ರೇಖೆಗಿಂತ ಕೆಳಗಿನ ಮನೆಯಲ್ಲಿ ಅರವತ್ತು ತುಂಬದ, ಮನೆ ನಡೆಸುತ್ತಿದ್ದವನು ತೀರಿಕೊಂಡರೆ ಒಂದು ಸಲಕ್ಕೆ 20,000 ರೂಪಾಯಿ. ಇದನ್ನು ಕೇಳುವವರೇ ಕಡಿಮೆ.

ಆರನೆಯದು ಮಕ್ಕಳದೇ ಯೋಜನೆ. ಮಿಷನ್ ವಾತ್ಸಲ್ಯದಲ್ಲಿ ಪ್ರಾಯೋಜಕತ್ವ ಎಂದಿದೆ. ತಂದೆ ಇಲ್ಲದ, ತಾಯಿಯನ್ನು ಬಿಟ್ಟುಹೋದ, ತಂದೆಯೋ ತಾಯಿಯೋ ಜೀವಕ್ಕೆ ಅಪಾಯವಿರುವ ರೋಗದಲ್ಲಿ ಬಿದ್ದಿರುವ, ಇಬ್ಬರನ್ನೂ ಕಳೆದುಕೊಂಡು ಅಜ್ಜಿಯ ಮನೆಯಲ್ಲಿ ಬೆಳೆಯುತ್ತಿರುವ ಮಕ್ಕಳಿಗೆ ತಿಂಗಳಿಗೆ ತಲಾ 4,000 ರೂಪಾಯಿ, ಹದಿನೆಂಟು ತುಂಬುವವರೆಗೆ. ಅರ್ಜಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಅಲ್ಲಿಂದ ಮನೆಗೆ ಬಂದು ನೋಡುತ್ತಾರೆ, ಸಮಿತಿ ಒಪ್ಪಿಗೆ ಕೊಡಬೇಕು. ಕೇಳಿದವರಿಗೆಲ್ಲ ಕೂಡಲೇ ಸಿಗುತ್ತದೆ ಎನ್ನಲಾರೆ. ಆದರೆ ಮಗು ಹಾಸ್ಟೆಲಿಗೋ ಆಶ್ರಮಕ್ಕೋ ಹೋಗದೆ ತಾಯಿಯ ಮಡಿಲಲ್ಲೇ ಓದಲಿ ಎಂಬುದಕ್ಕಾಗಿಯೇ ಇರುವ ನೆರವು ಇದು.

ಈಗ ತಾಯಂದಿರು ಗಮನವಿಟ್ಟು ಕೇಳಬೇಕಾದದ್ದು. ಆ ಹೆಣ್ಣುಮಗಳು ಹೊಲಿಗೆ ಕಲಿತಿದ್ದಳು, ಕೆಲಸ ಸಿಗುವಂತಿತ್ತು. 'ದುಡಿಯಲು ಹೋದರೆ ಬರುವುದೆಲ್ಲ ನಿಂತುಹೋಗುತ್ತದೆ, ಸುಮ್ಮನಿರು' ಎಂದು ಊರವರು ಹೆದರಿಸಿದರು. ಈ ಹೆದರಿಕೆಯನ್ನು ಲೆಕ್ಕದಲ್ಲಿ ನೋಡೋಣ. ಪ್ರತಿ ಯೋಜನೆಯ ಅಳತೆಗೋಲು ಬೇರೆ. ವಿಧವಾ ವೇತನಕ್ಕೆ ವರ್ಷದ ಆದಾಯ 32,000ದ ಒಳಗಿರಬೇಕು. ಮಕ್ಕಳ ಪ್ರಾಯೋಜಕತ್ವಕ್ಕೆ ಹಳ್ಳಿಯಲ್ಲಿ 72,000, ಪಟ್ಟಣದಲ್ಲಿ 96,000. ನಮ್ಮ ರಾಜ್ಯದ ಆದ್ಯತಾ ರೇಷನ್ ಕಾರ್ಡಿಗೆ 1.20 ಲಕ್ಷ. ಆಕೆ ಹಳ್ಳಿಯಲ್ಲಿ ತಿಂಗಳಿಗೆ 5,000 ದುಡಿದರೆ ವರ್ಷಕ್ಕೆ 60,000. ವಿಧವಾ ವೇತನದ ಮಿತಿ ದಾಟಿತು, 800 ಹೋಯಿತು. ಪ್ರಾಯೋಜಕತ್ವಕ್ಕೂ ರೇಷನ್ನಿಗೂ ಆದಾಯದ ಅಡ್ಡಿಯಿಲ್ಲ. ತಿಂಗಳಿಗೆ 4,200 ಲಾಭ, ಜೊತೆಗೆ ಕೈಯಲ್ಲಿ ಒಂದು ಕಾಯಕ. ಹಾಗೆಂದು ಎಲ್ಲ ಕಡೆ ಲೆಕ್ಕ ಇಷ್ಟು ಸಲೀಸಾಗಿಲ್ಲ. ಸಂಬಳ 6,000 ದಾಟುವ ಕಡೆ ಇಬ್ಬರು ಮಕ್ಕಳ 8,000 ಪ್ರಶ್ನೆಗೆ ಬರುತ್ತದೆ. ಮಿತಿಯ ಅಂಚಿನಲ್ಲಿ ಮೆಟ್ಟಿಲಿಲ್ಲ, ಒಮ್ಮೆಲೇ ಇಳಿತ. ಇಂಥ ಅಂಚನ್ನು ಇಳಿಜಾರು ಮಾಡಬೇಕೆಂದು ನಾವು ಸರ್ಕಾರಕ್ಕೆ ಹೇಳಬೇಕು. ಆದರೆ ತಾಯಿಗೆ ನನ್ನ ಮಾತು ಇಷ್ಟೇ: ಊರವರ ಮಾತು ಕೇಳಿ ಕಾಯಕ ಬಿಡಬೇಡಿ, ಮೊದಲು ಲೆಕ್ಕ ಹಾಕಿ.

ಹಾಗೆಯೇ ಮರುಮದುವೆ. ವಿಧವೆ ಮರುಮದುವೆಯಾದರೆ ಆ ವೇತನ ನಿಲ್ಲುತ್ತದೆ, ತಿಳಿಸಬೇಕು. 800 ರೂಪಾಯಿಯ ನೆಪ ಹೇಳಿ ಮಗಳ ಮರುಮದುವೆ ತಡೆಯುವ ಮನೆ ನಮ್ಮಲ್ಲಿ ಒಂದೂ ಇರಬಾರದು.

ಅಂಗವಿಕಲ ಮಕ್ಕಳ ತಂದೆತಾಯಿಗಳಿಗೆ ಒಂದು ಮಾತು. ಮಗುವಿಗೆ ಹದಿನೆಂಟು ತುಂಬಿದ ದಿನ ಕಾನೂನಿನ ಕಣ್ಣಿನಲ್ಲಿ ನೀವು ಪೋಷಕರಾಗಿ ಉಳಿಯುವುದಿಲ್ಲ. ಮಗು ಸಹಿ ಮಾಡಲಾರದು, ನಿಮ್ಮ ಸಹಿ ನಡೆಯದು. ಬ್ಯಾಂಕ್ ಖಾತೆ, ಮಾಸಾಶನ, ಆಸ್ತಿ ಎಲ್ಲವೂ ಅಲ್ಲಿ ನಿಲ್ಲಬಹುದು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ವೈಕಲ್ಯ ಇರುವವರಿಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಸಮಿತಿ ಪೋಷಕರನ್ನು ನೇಮಿಸುತ್ತದೆ. ಹದಿನೇಳರಲ್ಲೇ ಕಾಗದ ಸಿದ್ಧ ಮಾಡಿಕೊಳ್ಳಿರಿ. ನನ್ನಂತೆ ಸರ್ಕಾರಿ ಪಿಂಚಣಿ ಪಡೆಯುವವರ ಮನೆಯಲ್ಲಿ ದುಡಿಯಲಾರದ ಮಗುವಿದ್ದರೆ, ನಿಯಮದಂತೆ ಅದಕ್ಕೂ ಕುಟುಂಬ ಪಿಂಚಣಿಯ ಹಕ್ಕಿದೆ. ನೀವು ಇರುವಾಗಲೇ ವೈದ್ಯಕೀಯ ಪ್ರಮಾಣಪತ್ರದೊಂದಿಗೆ ಆ ಹೆಸರನ್ನು ದಾಖಲೆಗೆ ಸೇರಿಸಿರಿ. ನಾವು ಹೋದ ಮೇಲೆ ಆ ಮಗು ಯಾವ ಕಚೇರಿಗೆ ಅಲೆಯಬೇಕು?

ಎಲ್ಲ ಮಕ್ಕಳ ವಿಷಯದಲ್ಲೂ ಒಂದು ಸಣ್ಣ ಕೆಲಸ. ಐದು ತುಂಬಿದಾಗ ಒಮ್ಮೆ, ಹದಿನೈದು ತುಂಬಿದಾಗ ಒಮ್ಮೆ ಆಧಾರ್‌ನ ಬೆರಳಚ್ಚು ಹೊಸದು ಮಾಡಿಸಬೇಕು. ಮಾಡಿಸದಿದ್ದರೆ ವಿದ್ಯಾರ್ಥಿವೇತನದ ಹೊತ್ತಿಗೆ ತೊಡಕು.

ಕಚೇರಿಯಲ್ಲಿ ನಡೆದುಕೊಳ್ಳುವ ಬಗೆ. ನಾನು ಮೇಜಿನ ಆ ಬದಿಯಲ್ಲೂ ಕುಳಿತವನು, ಹಾಗಾಗಿ ಹೇಳುತ್ತೇನೆ. ಬಾಯಿಮಾತಿನ ಅರ್ಜಿ ಅರ್ಜಿಯಲ್ಲ. ಕೊಟ್ಟದ್ದಕ್ಕೆಲ್ಲ ಸ್ವೀಕೃತಿ ಕೇಳಿರಿ. 2012ರ ಏಪ್ರಿಲ್ 2ರಿಂದ ರಾಜ್ಯದಾದ್ಯಂತ ಸಕಾಲ ಜಾರಿಯಲ್ಲಿದೆ. ಅದರ ವ್ಯಾಪ್ತಿಯ ಸೇವೆಗಳಿಗೆ ಅರ್ಜಿ ಸಂಖ್ಯೆ ಕೊಡುತ್ತಾರೆ, ದಿನಗಳ ಗಡುವು ಇದೆ. ಗಡುವು ಮೀರಿದರೆ ಮೇಲ್ಮನವಿ ಇದೆ; ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರವೂ ಇದೆ. ಆ ಹಣ ದೊಡ್ಡದಲ್ಲ, ಆದರೆ ಆ ಸಂಖ್ಯೆ ದೊಡ್ಡದು. ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿರಿ. ಮನೆಯಲ್ಲಿ ಒಂದು ಫೈಲು ಇಡಿರಿ, ಮೇಲಿನ ಹಾಳೆಯಲ್ಲಿ ತಾರೀಖು, ಕಚೇರಿ, ಹೇಳಿದ ಮಾತು ಬರೆದಿಡಿರಿ. ಕೂಗಾಡಿದವನಿಗಿಂತ ತಾರೀಖು ಹೇಳಿದವನ ಕೆಲಸ ಬೇಗ ಆಗುತ್ತದೆ.

ಈಗ ಮೊದಲು ಬಾಕಿ ಇಟ್ಟ ಮಾತು. ಮನೆಯ ಸ್ಥಿತಿ ಕೆಟ್ಟದ್ದಕ್ಕೇ ಬದಲಾಗಬೇಕೆಂದಿಲ್ಲ, ಒಳ್ಳೆಯದಕ್ಕೂ ಬದಲಾಗುತ್ತದೆ. ಮಗನಿಗೆ ನೌಕರಿ ಸಿಕ್ಕಿತು, ಅಂಗಡಿ ಬೆಳೆಯಿತು, ಕಾರು ಬಂತು. ಆಗಲೂ ಕಡತ ಬದಲಾಗಬೇಕು. ಆದಾಯ ತೆರಿಗೆ ಕಟ್ಟುವ ಮನೆಯಲ್ಲಿ ಬಡವರ ರೇಷನ್ ಕಾರ್ಡು ಇರಬಾರದು. ಅತ್ತೆಯವರು ಲಿಂಗೈಕ್ಯರಾದ ಮೇಲೂ ಅವರ ಖಾತೆಗೆ ಬೀಳುವ ಹಣವನ್ನು ಕಾರ್ಡು ಹಾಕಿ ತೆಗೆಯುವವರಿದ್ದಾರೆ. ಅದು ನಮ್ಮದಲ್ಲ. ತಿಳಿಸಿ ನಿಲ್ಲಿಸಬೇಕು, ಯಜಮಾನಿಯ ಹೆಸರು ಬದಲಿಸಿ ಅರ್ಹತೆ ಇದ್ದರೆ ಹೊಸದಾಗಿ ಕೇಳಬೇಕು. ಕಾಲುವೆಯ ತುದಿಯ ಹೊಲಕ್ಕೆ ನೀರು ಯಾಕೆ ಮುಟ್ಟುವುದಿಲ್ಲ ಗೊತ್ತೇ? ಮೇಲಿನವನು ತನ್ನ ಹೊಲ ತುಂಬಿದ ಮೇಲೂ ತೂಬು ಮುಚ್ಚುವುದಿಲ್ಲ. ಬೇಕಾದಾಗ ಸಂಕೋಚವಿಲ್ಲದೆ ಕೇಳುವುದೂ ಬೇಡವಾದಾಗ ತಾನಾಗಿ ಬಿಡುವುದೂ ಒಂದೇ ನಡತೆಯ ಎರಡು ಮುಖ.

ಕೊನೆಗೆ ಮಠದ ಮುಂದೆ, ನಿಮ್ಮ ಮುಂದೆ ನನ್ನ ಬಿನ್ನಹ. ನಮ್ಮಲ್ಲಿ ಸಾವಾದ ಮನೆಗೆ ಹೋಗಿ ಕ್ರಿಯಾಸಮಾಧಿಯ ಕೆಲಸಕ್ಕೆ ಹೆಗಲು ಕೊಡುವವರಿದ್ದಾರೆ. ಹತ್ತು ದಿನದ ನಂತರ ಅದೇ ಮನೆಗೆ ಹೋಗಿ 'ತಂಗಿ, ಮರಣಪತ್ರ ಆಯಿತೇ? ಪಾಸ್‌ಬುಕ್ ತೋರಿಸು' ಎಂದು ಕೇಳುವವರು ಬೇಕು. ಪ್ರತಿ ಊರಿನಿಂದ ಇಬ್ಬರು ಸಾಕು, ಅವರಲ್ಲಿ ಒಬ್ಬರು ಹೆಣ್ಣುಮಗಳಿರಲಿ. ಓದುಬರಹ ಬಲ್ಲ ನಿವೃತ್ತರು, ಕಾಲೇಜಿನ ಮಕ್ಕಳು ಮುಂದೆ ಬರಲಿ. ಪೂಜ್ಯರು ಅಪ್ಪಣೆ ಕೊಟ್ಟರೆ ತಿಂಗಳಿಗೊಂದು ಭಾನುವಾರ ಈ ಸಭಾಭವನದ ಮೂಲೆಯಲ್ಲಿ ಒಂದು ಮೇಜು ಹಾಕೋಣ. ಯಾವ ಜಾತಿಯ ತಾಯಿ ಬಂದರೂ ಅರ್ಜಿ ಬರೆದುಕೊಡೋಣ, ಒಂದು ಪೈಸೆ ಮುಟ್ಟುವುದು ಬೇಡ. ನನ್ನ ಕಡೆಯಿಂದ ಮೊದಲ ಆರು ತಿಂಗಳು ನಾನು ಕುಳಿತುಕೊಳ್ಳುತ್ತೇನೆ. ಕನ್ನಡಕ, ಪೆನ್ನು ನಾನೇ ತರುತ್ತೇನೆ. ಕಾಗದ ನೀವು ತನ್ನಿ.