ಭದ್ರೆಯ ನೀರನ್ನು ಯಾವಾಗ ಅಳೆಯಬೇಕು?



ಗಂಗಾಮೂಲದಲ್ಲಿ ಹುಟ್ಟಿ, ಕುದುರೆಮುಖ, ಕಳಸ, ಬಾಳೆಹೊನ್ನೂರುಗಳನ್ನು ಹಾದು, ಲಕ್ಕವಳ್ಳಿಯ ಅಣೆಕಟ್ಟೆಯಲ್ಲಿ ತಂಗಿ, ಭದ್ರಾವತಿಯ ಮಗ್ಗುಲಲ್ಲಿ ಹರಿದು ಕೂಡಲಿಯಲ್ಲಿ ತುಂಗೆಯನ್ನು ಸೇರುವ ಭದ್ರೆಯ ನೀರು ಶುದ್ಧವೇ? ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2018ರ ಪಟ್ಟಿಯಲ್ಲಿ ಕರ್ನಾಟಕದ 17 ಮಲಿನ ನದಿಭಾಗಗಳಿದ್ದವು. ಅವುಗಳಲ್ಲಿ ಭದ್ರೆಯೂ ಇತ್ತು. ಆದರೆ ಭದ್ರಾವತಿಯಿಂದ ಹೊಳೆಹೊನ್ನೂರಿನವರೆಗೆ ಮಾತ್ರ. ಹಾಗಾದರೆ ಮಲೆನಾಡಿನ ಭದ್ರೆ ನಿರ್ಮಲವೆಂದು ನಿಶ್ಚಿಂತರಾಗಿರಬಹುದೆ?

ಪಟ್ಟಿಯ ಅಳತೆಗೋಲನ್ನು ಮೊದಲು ನೋಡಬೇಕು. ನೀರಿನಲ್ಲಿರುವ ಕೊಳೆಯನ್ನು ಸೂಕ್ಷ್ಮಜೀವಿಗಳು ಅರಗಿಸಲು ಬೇಕಾಗುವ ಆಮ್ಲಜನಕದ ಪ್ರಮಾಣ, ಅಂದರೆ ಬಿ.ಓ.ಡಿ., ಲೀಟರಿಗೆ 3 ಮಿಲಿಗ್ರಾಂ ಮೀರಿದರೆ ಆ ಭಾಗ ಮಲಿನ. ಭದ್ರಾವತಿಯಂಥ ಕೈಗಾರಿಕಾ ಪಟ್ಟಣಕ್ಕೆ ಈ ಅಳತೆ ಒಪ್ಪುತ್ತದೆ. ಅಲ್ಲಿನ ಕಾಗದ ಕಾರ್ಖಾನೆಯ ಉತ್ಪಾದನೆ 2015ರ ಹೊತ್ತಿಗೆ ನಿಂತಿತು. ಆದರೂ ಹೊಳೆ ಪಟ್ಟಿಯಿಂದ ಇಳಿಯಲಿಲ್ಲ. ಊರಿನ ಚರಂಡಿಯೇನೂ ನಿಂತಿರಲಿಲ್ಲವಷ್ಟೆ.

ಕುದುರೆಮುಖದ ಕೆಂಪು ಹೂಳನ್ನು ಮಾತ್ರ ಈ ಅಳತೆ ಕಾಣದು. ಸರ್ವೋಚ್ಚ ನ್ಯಾಯಾಲಯದ 2002ರ ಅಕ್ಟೋಬರ್ 30ರ ಆದೇಶದಂತೆ 2005ರ ಕೊನೆಗೆ ಅಲ್ಲಿ ಗಣಿಗಾರಿಕೆ ನಿಂತಿತು. ಅದಿರಿನ ಪುಡಿ ಕೊಳೆಯುವ ವಸ್ತುವಲ್ಲ. ಹೊಳೆ ಕೆಂಪಾಗಿ ಹರಿದರೂ ಬಿ.ಓ.ಡಿ. ಏರಬೇಕೆಂದಿಲ್ಲ. ಹೂಳು ಬರುವುದು ಜಡಿಮಳೆಯ ಕೆಲವೇ ಗಂಟೆಗಳಲ್ಲಿ. ಹೊರನಾಡಿನ ದಾರಿಯ ಹೆಬ್ಬಾಳೆ ಸೇತುವೆ ಮುಳುಗಿದ ದಿನ ಹಿಡಿದ ಒಂದು ಸೀಸೆ ನೀರು ಹೇಳುವುದನ್ನು ಬೇಸಿಗೆಯ ಹತ್ತು ಸೀಸೆಗಳು ಹೇಳಲಾರವು.

ಇನ್ನು ಕಾಫಿಯ ಮಾತು. ನವೆಂಬರಿನಿಂದ ಫೆಬ್ರವರಿಯವರೆಗೆ ಹಣ್ಣಿನ ಕೊಯ್ಲು. ಪಲ್ಪರಿನಲ್ಲಿ ಸಿಪ್ಪೆ ಸುಲಿದು ಬೀಜದ ಲೋಳೆ ತೊಳೆದ ನೀರಿನಲ್ಲಿ ಸಕ್ಕರೆ, ಪೆಕ್ಟಿನ್ ತುಂಬಿರುತ್ತವೆ. ಅದು ಬೇಗ ಹುಳಿಯುತ್ತದೆ, ಅದರ ಬಿ.ಓ.ಡಿ. ಲೀಟರಿಗೆ ಸಾವಿರಾರು ಮಿಲಿಗ್ರಾಂ ಮುಟ್ಟುತ್ತದೆ. ಪಟ್ಟಣದ ಚರಂಡಿ ನೀರಿನದು ಸಾಮಾನ್ಯವಾಗಿ ಕೆಲವು ನೂರು ಮಾತ್ರ. ಸುಣ್ಣ ಹಾಕಿ ಹುಳಿಯನ್ನು ಮುರಿದು, ಮೊದಲು ಗಾಳಿಯಾಡದ ಹೊಂಡದಲ್ಲಿ, ಬಳಿಕ ಗಾಳಿಯಾಡುವ ಹೊಂಡದಲ್ಲಿ ಕಳಿಸುವ ಕ್ರಮವು ತೋಟದವರಿಗೆ ಗೊತ್ತಿಲ್ಲದ್ದಲ್ಲ. 1925ರಿಂದ ಕಾಫಿ ಸಂಶೋಧನೆ ನಡೆದಿರುವುದು ಇದೇ ಬಾಳೆಹೊನ್ನೂರಿನಲ್ಲಿ! ಹೊಂಡ ತುಂಬಿದ ರಾತ್ರಿ ಕಟ್ಟೆ ಒಡೆಯುವುದೇ ತೊಂದರೆ. ಆ ತಿಂಗಳುಗಳಲ್ಲಿ ಹಳ್ಳಗಳು ಸೊರಗಿರುತ್ತವೆ. ಬಂದ ಕೊಳೆಯನ್ನು ತೆಳುವಾಗಿಸುವಷ್ಟು ನೀರೇ ಇರುವುದಿಲ್ಲ. ಎಲ್ಲ ಬೆಳೆಗಾರರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಹಣ್ಣನ್ನು ಕಣದಲ್ಲಿ ಹಾಗೆಯೇ ಒಣಗಿಸುವ ಸಣ್ಣ ಬೆಳೆಗಾರನು ಪಲ್ಪಿಂಗಿನ ಒಂದು ಕೊಡ ನೀರನ್ನೂ ಹಳ್ಳಕ್ಕೆ ಬಿಡುವುದಿಲ್ಲ.

ತಿಂಗಳಿಗೊಮ್ಮೆ, ಹಗಲು ಹೊತ್ತಿನಲ್ಲಿ, ದೊಡ್ಡ ಸೇತುವೆಯ ಕೆಳಗೆ ಹಿಡಿದ ನೀರಿಗೆ ಇದಾವುದೂ ಸಿಕ್ಕದು. ಬಿಸಿಲಿನಲ್ಲಿ ಪಾಚಿಯು ಆಮ್ಲಜನಕವನ್ನು ಬಿಡುತ್ತದೆ. ಮಧ್ಯಾಹ್ನದ ಅಂಕಿ ಚೆನ್ನಾಗಿರುತ್ತದೆ. ಮೀನು ಉಸಿರುಗಟ್ಟುವುದು ಬೆಳಗಿನ ಜಾವ. ಆದುದರಿಂದ ಹಳ್ಳದವರೇ ನೀರು ಹಿಡಿಯಬೇಕು: ಪಲ್ಪರಿನ ಮೇಲೊಂದು ಸೀಸೆ, ಕೆಳಗೊಂದು ಸೀಸೆ, ಎರಡೂ ಒಂದೇ ಮುಂಜಾವಿನಲ್ಲಿ. ಆಮ್ಲಜನಕದ ಪರೀಕ್ಷೆಗಾದರೆ ಗುಳ್ಳೆ ಉಳಿಯದಂತೆ ತುಂಬಿ, ದಡದಲ್ಲಿಯೇ ರಾಸಾಯನಿಕ ಹಾಕಿ ಸ್ಥಿರಗೊಳಿಸಬೇಕು. ಬಿ.ಓ.ಡಿ.ಗೆ ಬೇರೆ ಸೀಸೆ ಬೇಕು. ಅದನ್ನು ಮಂಜುಗಡ್ಡೆಯಲ್ಲಿಟ್ಟು ಅಂದೇ ಪ್ರಯೋಗಾಲಯ ಮುಟ್ಟಿಸಬೇಕು. ಅಲ್ಲಿ 27 ಡಿಗ್ರಿಯಲ್ಲಿ 3 ದಿನಗಳ ಪರೀಕ್ಷೆ. ಸ್ಥಳ, ಗಂಟೆ, ಹಿಂದಿನ ದಿನದ ಮಳೆ, ನೀರಿನ ಬಣ್ಣ ಇಷ್ಟನ್ನೂ ಪುಸ್ತಕದಲ್ಲಿ ಬರೆದಿಡಬೇಕು. ಮೇಲಿನ ಸೀಸೆಯಿಲ್ಲದೆ ಕೆಳಗಿನ ಸೀಸೆಯನ್ನಷ್ಟೇ ಹಿಡಿದು ಯಾರ ಮೇಲೂ ದೂರು ಕೊಡಬಾರದು. ಆ ದೂರು ನಿಲ್ಲದು.

ಮೊದಲ ಸುತ್ತಿನ ನೀರನ್ನು ಪಲ್ಪರುಗಳು ತಿರುಗುವ ಮುನ್ನ, ಅಕ್ಟೋಬರಿನಲ್ಲಿಯೇ ಹಿಡಿದಿಡಬೇಕು. ಜನವರಿಯ ಅಂಕಿಗಳನ್ನು ಹೋಲಿಸಲು ಬೇಕಾಗುವುದು ಅದೇ.