ಅಲೆಯೂ ಉಬ್ಬರವೂ: ಕಡಲಿನ ಆವರ್ತನಗಳು ಮತ್ತು ಉತ್ತರ ಧ್ರುವದ ಕಾವು

(ಶತಮಾನೋತ್ಸವದ ಉಪನ್ಯಾಸಮಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯವರು ನೀಡಿದ ಉಪನ್ಯಾಸದ ಬರಹರೂಪ)



ಭೂಮಿಯ ತಾಪ ಏರುತ್ತಿರುವ ಮಾತು ಬಂದಾಗಲೆಲ್ಲ ಒಂದು ಪ್ರಶ್ನೆ ಏಳುತ್ತದೆ. ಮಕ್ಕಳಷ್ಟೇ ಅಲ್ಲ, ಹಿರಿಯರೂ ಕೇಳುತ್ತಾರೆ: "ಇದೆಲ್ಲ ಪ್ರಕೃತಿಯ ಚಕ್ರವಲ್ಲವೇ ಟೀಚರ್? ಹಿಂದೆಯೂ ಬಿಸಿಯಾಗಿತ್ತು, ಆಮೇಲೆ ತಣ್ಣಗಾಯಿತು." ಈ ಪ್ರಶ್ನೆಯನ್ನು ತಳ್ಳಿಹಾಕುವುದು ಉಚಿತವಲ್ಲ. ಅದರಲ್ಲಿ ಅರ್ಧ ಸತ್ಯವಿದೆ. ಆ ಅರ್ಧವನ್ನು ಒಪ್ಪಿಕೊಂಡು, ಉಳಿದರ್ಧವನ್ನು ತಮ್ಮ ಮುಂದಿಡುವುದು ನನ್ನ ಉದ್ದೇಶ.

ನಮ್ಮ ಶಾಲೆ ಬಾಗಿಲು ತೆರೆದ 1920ರ ದಶಕದಲ್ಲಿಯೇ ಉತ್ತರ ಧ್ರುವ ಪ್ರದೇಶವು ಅಚ್ಚರಿಯೆನಿಸುವಷ್ಟು ಬೆಚ್ಚಗಾಗತೊಡಗಿತ್ತು. ನಾರ್ವೆಯ ಉತ್ತರಕ್ಕಿರುವ ಸ್ಪಿಟ್ಸ್‌ಬರ್ಗನ್ ದ್ವೀಪದಲ್ಲಿ ಚಳಿಗಾಲದ ಉಷ್ಣತೆ ಹಲವು ಡಿಗ್ರಿ ಏರಿತು. ಕಲ್ಲಿದ್ದಲು ಒಯ್ಯುವ ಹಡಗುಗಳಿಗೆ ಮಂಜುಗಡ್ಡೆಯಿಲ್ಲದ ದಾರಿ ವರ್ಷದಲ್ಲಿ ಹೆಚ್ಚು ಕಾಲ ದೊರೆಯಿತು. ಗ್ರೀನ್‌ಲ್ಯಾಂಡಿನ ಪಶ್ಚಿಮ ಕರಾವಳಿಯಲ್ಲಿ ಕಾಡ್ ಎಂಬ ಮೀನು ಉತ್ತರದತ್ತ ಹರಡಿತು. ಸೀಲ್ ಬೇಟೆಯಿಂದ ಬದುಕುತ್ತಿದ್ದ ಜನರು ಮೀನುಗಾರಿಕೆಗೆ ತಿರುಗಿದರು. 1940ರ ದಶಕದ ಅನಂತರ ಕಾವು ಇಳಿಮುಖವಾಯಿತು. ಕಡಲು ತಣ್ಣಗಾಯಿತು, ಅತಿಯಾಗಿ ಹಿಡಿದದ್ದೂ ಸೇರಿ ಆ ಮೀನಿನ ಸಂಪತ್ತು ಕ್ಷೀಣಿಸಿತು.

ಈ ಏರಿಳಿತದಲ್ಲಿ ಕಡಲಿನ ಪಾತ್ರ ದೊಡ್ಡದು. ಸಮುದ್ರದ ಮೇಲ್ಪದರದ ಮೂರು ಮೀಟರಿನಷ್ಟು ನೀರೇ ಇಡೀ ವಾತಾವರಣಕ್ಕೆ ಸಮನಾಗಿ ಶಾಖವನ್ನು ಹಿಡಿದಿಡಬಲ್ಲದು. ಗಲ್ಫ್ ಸ್ಟ್ರೀಮ್ ಪ್ರವಾಹದ ಮುಂದುವರಿಕೆಯಾಗಿ ಅಟ್ಲಾಂಟಿಕ್ಕಿನ ಬೆಚ್ಚನೆಯ ನೀರು ನಾರ್ವೆಯ ತೀರವನ್ನು ಹಾದು ಬ್ಯಾರೆಂಟ್ಸ್ ಸಮುದ್ರವನ್ನು ಸೇರುತ್ತದೆ. ಆ ನೀರು ಹೆಚ್ಚು ಬಿಸಿಯಾದಾಗ ಮಂಜುಗಡ್ಡೆ ಹಿಂದೆ ಸರಿಯುತ್ತದೆ. ಬಿಳಿಯ ಗಡ್ಡೆ ಬಿಸಿಲನ್ನು ಹಿಂದಕ್ಕೆ ಕಳುಹಿಸಿದರೆ, ಅದು ಕರಗಿದಲ್ಲಿ ಕಪ್ಪು ನೀರು ಬಿಸಿಲನ್ನು ಹೀರುತ್ತದೆ. ಹೀಗೆ ಕಾವು ಕಾವನ್ನು ಬೆಳೆಸುತ್ತದೆ.

ಉತ್ತರ ಅಟ್ಲಾಂಟಿಕ್ಕಿನಲ್ಲಿ 65ರಿಂದ 70 ವರ್ಷಗಳ ಒಂದು ಆಂದೋಲನವಿದೆಯೆಂದು 1994ರಲ್ಲಿ ಷ್ಲೆಸಿಂಗರ್ ಮತ್ತು ರಾಮನ್‌ಕುಟ್ಟಿ ಎಂಬ ವಿಜ್ಞಾನಿಗಳು ತೋರಿಸಿದರು. ಪೆಸಿಫಿಕ್ ಸಾಗರದಲ್ಲಿಯೂ ಇಂತಹ ಏರಿಳಿತವಿದೆ. 1976-77ರಲ್ಲಿ ಅದು ಮಗ್ಗುಲು ಬದಲಿಸಿದಾಗ ಅಲಾಸ್ಕದ ಹವೆ ಒಮ್ಮೆಗೇ ಬೆಚ್ಚಗಾಯಿತು. ಅಟ್ಲಾಂಟಿಕ್ಕಿನ ಲಯವು ಕಡಲಿನದೇ ಸ್ವಭಾವವೋ, ಜ್ವಾಲಾಮುಖಿಗಳ ಹಾಗೂ ಕಾರ್ಖಾನೆಗಳ ಹೊಗೆಧೂಳಿನ ಪರಿಣಾಮವೋ ಎಂಬ ಚರ್ಚೆ ವಿಜ್ಞಾನಿಗಳಲ್ಲಿ ನಡೆದೇ ಇದೆ.

ಇದು ಮೊದಲರ್ಧ. ಇನ್ನು ಉಳಿದರ್ಧ.

ಆವರ್ತನವು ಶಾಖವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುತ್ತದೆ, ಆಳದಿಂದ ಮೇಲಕ್ಕೆ ತರುತ್ತದೆ, ಮೇಲಿನದನ್ನು ಆಳಕ್ಕಿಳಿಸುತ್ತದೆ. ಇಂದು ಕಾಣುತ್ತಿರುವುದು ಅಷ್ಟೇ ಆಗಿದ್ದರೆ ಒಂದು ಕಡಲು ಬಿಸಿಯಾದಾಗ ಮತ್ತೊಂದೆಡೆ ಶಾಖ ತಗ್ಗಬೇಕಿತ್ತು. ಹಾಗೆ ಆಗುತ್ತಿಲ್ಲ, ಲೋಕದ ಕಡಲುಗಳ ಒಟ್ಟು ಶಾಖವೇ ಏರುತ್ತಿದೆ. ಹಸಿರುಮನೆ ಅನಿಲಗಳಿಂದ ಭೂಮಿಯಲ್ಲಿ ಉಳಿದ ಹೆಚ್ಚುವರಿ ಶಾಖದ ಶೇ. 90ಕ್ಕಿಂತ ಅಧಿಕ ಪಾಲು ಕಡಲಿನ ಒಡಲನ್ನು ಸೇರಿದೆ. 1958ರಲ್ಲಿ ಹವಾಯಿಯ ಮೌನಾ ಲೋವಾದಲ್ಲಿ ಅಳತೆ ಆರಂಭಿಸಿದಾಗ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 315 ಭಾಗ ಇಂಗಾಲದ ಡೈಆಕ್ಸೈಡ್ ಇತ್ತು. ಇಂದು ಅದು 420ನ್ನು ದಾಟಿದೆ. 1979ರಿಂದೀಚೆಗೆ ಉತ್ತರ ಧ್ರುವ ಪ್ರದೇಶವು ಜಗತ್ತಿನ ಸರಾಸರಿಯ ಸುಮಾರು ನಾಲ್ಕು ಪಟ್ಟು ವೇಗದಲ್ಲಿ ಬಿಸಿಯಾಗಿದೆ.

ಎರಡೂ ಕಾರಣಗಳು ಜೊತೆಯಾಗಿಯೇ ನಡೆಯುತ್ತವೆ. ಸೆಪ್ಟೆಂಬರ್ ತಿಂಗಳ ಮಂಜುಗಡ್ಡೆ 1979ರಿಂದ ಕುಗ್ಗಿದ್ದರಲ್ಲಿ ಶೇ. 30ರಿಂದ 50ರಷ್ಟು ಪಾಲು ನೈಸರ್ಗಿಕ ಏರಿಳಿತದ್ದಿರಬಹುದೆಂದು 2017ರ ಒಂದು ಅಧ್ಯಯನ ಅಂದಾಜಿಸಿತು. ಉಳಿದ ಪಾಲಿಗೆ ಮನುಷ್ಯರೇ ಹೊಣೆ. 2012ರಲ್ಲಿ ಮಂಜುಗಡ್ಡೆಯ ಹರವು ಸುಮಾರು 34 ಲಕ್ಷ ಚದರ ಕಿಲೋಮೀಟರಿಗೆ ಇಳಿದು ದಾಖಲೆಯಾಯಿತು. ಮುಂದಿನ ಹತ್ತು ವರ್ಷಗಳಲ್ಲಿ ಆ ದಾಖಲೆ ಮುರಿಯಲಿಲ್ಲ. "ಕರಗುವುದು ನಿಂತಿತು" ಎಂದು ಕೆಲವರು ನೆಮ್ಮದಿಪಟ್ಟರು. ಅಪಾಯವಿರುವುದು ಇಲ್ಲಿಯೇ. ಕಡಲು ತಂಪಿನ ಮಗ್ಗುಲಿಗೆ ಹೊರಳಿದಾಗ ನಮ್ಮ ತಪ್ಪು ಮರೆಯಾಗುತ್ತದೆ. ಮತ್ತೆ ಬಿಸಿಗೆ ಹೊರಳಿದಾಗ ಅದು ಇಮ್ಮಡಿಯಾಗಿ ಎದುರು ನಿಲ್ಲುತ್ತದೆ.

ಮಕ್ಕಳೇ, ಚಂದ್ರಗಿರಿಯ ಅಳಿವೆಯ ಬಳಿ ಉಬ್ಬರದ ಹೊತ್ತಿನಲ್ಲಿ ನಿಂತು ನೋಡಿ. ಒಂದೊಂದು ಅಲೆಯೂ ಹಿಂದೆ ಸರಿಯುತ್ತದೆ. ಸರಿದ ಅಲೆಯನ್ನು ಕಂಡು ನೀರು ಇಳಿಯಿತೆಂದು ಮೀನುಗಾರರು ದೋಣಿಯನ್ನು ಮರಳಿನ ಮೇಲೆ ಬಿಟ್ಟುಹೋಗುವುದಿಲ್ಲ. ಆವರ್ತನವೆಂಬುದು ಅಲೆ, ನಾವು ಏರಿಸಿದ ತಾಪ ಉಬ್ಬರ. ವ್ಯತ್ಯಾಸವೊಂದಿದೆ: ಕಡಲಿನ ಉಬ್ಬರ ಆರು ತಾಸಿನಲ್ಲಿ ಇಳಿಯುತ್ತದೆ, ಗಾಳಿಗೆ ಸೇರಿದ ಇಂಗಾಲ ಇಳಿಯಲು ನೂರಾರು ವರ್ಷ ಬೇಕು.

ಅಲೆ ಯಾವುದು, ಉಬ್ಬರ ಯಾವುದು ಎಂದು ತಿಳಿಯಲು ದೀರ್ಘಕಾಲದ ದಾಖಲೆ ಬೇಕು. ಒಬ್ಬ ಅಧ್ಯಾಪಕಿಯ ಮೂವತ್ತು ವರ್ಷಗಳ ಸೇವಾವಧಿ ಅರ್ಧ ಆವರ್ತನಕ್ಕೂ ಸಾಲದು. ನಮ್ಮ ದೇಶವು 2008ರಲ್ಲಿ ಸ್ಪಿಟ್ಸ್‌ಬರ್ಗನ್ನಿನಲ್ಲಿ ಹಿಮಾದ್ರಿ ಎಂಬ ಸಂಶೋಧನಾ ಕೇಂದ್ರವನ್ನು ತೆರೆಯಿತು. 2014ರಲ್ಲಿ ಅಲ್ಲಿನ ಕಡಲಕವಲಿನ ನೀರಿನೊಳಗೆ ಉಷ್ಣತೆಯನ್ನೂ ಉಪ್ಪಿನಂಶವನ್ನೂ ಅಳೆಯುವ ಉಪಕರಣಗಳನ್ನು ಇಳಿಸಿತು. ಇವುಗಳ ಹೊಣೆ ಹೊತ್ತ ಸಂಸ್ಥೆಯು ನಮ್ಮ ಪಶ್ಚಿಮ ಕರಾವಳಿಯಲ್ಲಿಯೇ, ಗೋವೆಯ ವಾಸ್ಕೋದಲ್ಲಿದೆ. ಈ ಶಾಲೆಯ ಮಕ್ಕಳು ಅಲ್ಲಿಗೂ ತಲಪಬೇಕೆಂಬುದು ನನ್ನ ಆಸೆ.

ಅದಕ್ಕೆ ಮೊದಲ ಹೆಜ್ಜೆಯಾಗಿ, ಶಾಲಾ ಅಂಗಳದ ಮಳೆ, ಉಷ್ಣತೆ ಮತ್ತು ಬಾವಿಯ ನೀರಿನ ಮಟ್ಟವನ್ನು ಈ ವರ್ಷದಿಂದ ದಿನವೂ ಕನ್ನಡದಲ್ಲಿ ಬರೆದಿಡುವ ಕೆಲಸವನ್ನು ವಿಜ್ಞಾನ ಸಂಘದ ಮಕ್ಕಳಿಗೆ ಒಪ್ಪಿಸುತ್ತಿದ್ದೇನೆ. ರಜಾದಿನಗಳಲ್ಲಿ ನೆರೆಮನೆಯ ಹಳೆ ವಿದ್ಯಾರ್ಥಿಗಳು ಕೈಜೋಡಿಸಬೇಕೆಂದು ಕೋರುತ್ತೇನೆ. ಒಂದು ದಿನವೂ ತಪ್ಪದಂತೆ ನೋಡಿಕೊಳ್ಳೋಣ.