ಹತ್ತು ಗಂಟೆಯ ದುಡಿಮೆ: ಅಮೆರಿಕದ ಗಿರಣಿ ಹೆಣ್ಣುಮಕ್ಕಳು ಕಲಿಸಿದ ಪಾಠ

(ಗಿರಣಿ ಕಾರ್ಮಿಕರ ಮತ್ತು ಸಣ್ಣ ವ್ಯಾಪಾರಿಗಳ ಅಭ್ಯಾಸ ವರ್ಗದಲ್ಲಿ ಮಾಡಿದ ಭಾಷಣ)



ಅಮೆರಿಕವೆಂದರೆ ಸಿರಿವಂತರ ದೇಶ, ಡಾಲರಿನ ದೇಶ ಎಂದು ನಾವೆಲ್ಲ ಕೇಳಿದ್ದೇವೆ. ಅಲ್ಲಿಯ ಇತಿಹಾಸವೆಂದರೆ ವಾಷಿಂಗ್ಟನ್ ಮತ್ತು ಲಿಂಕನ್ ಎಂದು ಶಾಲೆಯ ಪುಸ್ತಕ ಹೇಳುತ್ತದೆ. ನಾವೂ ಹಲವು ವರ್ಷ ಮಕ್ಕಳಿಗೆ ಆ ಪಾಠ ಹೇಳಿದವರೇ. ವಾಷಿಂಗ್ಟನ್ ಅಧ್ಯಕ್ಷನಾದದ್ದು ೧೭೮೯ರಲ್ಲಿ, ಲಿಂಕನ್ ಆದದ್ದು ೧೮೬೧ರಲ್ಲಿ. ಈ ಎರಡರ ನಡುವಿನ ಎಪ್ಪತ್ತೆರಡು ವರ್ಷಗಳಲ್ಲಿ ಅಲ್ಲಿ ಗಿರಣಿಗಳು ಹುಟ್ಟಿದವು, ಸಂಘಗಳು ಹುಟ್ಟಿದವು, ದುಡಿಯುವವರ ಪಕ್ಷಗಳು ಹುಟ್ಟಿದವು. ದಿನಕ್ಕೆ ಹತ್ತು ಗಂಟೆ ಮಾತ್ರ ದುಡಿಯುತ್ತೇವೆ ಎಂದು ಅಲ್ಲಿಯವರು ಹೇಗೆ ಕೇಳಿದರು, ಏನು ಪಡೆದರು, ಎಲ್ಲಿ ಮೋಸಹೋದರು ಎಂಬುದೇ ಇಂದಿನ ನಮ್ಮ ವಿಷಯ.

೧೭೯೦ರಲ್ಲಿ ಸಾಮ್ಯುಯೆಲ್ ಸ್ಲೇಟರ್ ಎಂಬ ಇಂಗ್ಲಿಷ್ ಕುಶಲಕರ್ಮಿ ರೋಡ್ ಐಲೆಂಡ್ ಸಂಸ್ಥಾನದ ಪಾಟಕೆಟ್ ಎಂಬ ಊರಿನಲ್ಲಿ ನೀರಿನ ಬಲದಿಂದ ಹತ್ತಿ ನೂಲುವ ಯಂತ್ರಗಳನ್ನು ನಡೆಸಿದ. ಅವನ ಮೊದಲ ಕೆಲಸಗಾರರು ಯಾರೆಂದು ಬಲ್ಲಿರಾ? ಏಳರಿಂದ ಹನ್ನೆರಡು ವರ್ಷದ ಮಕ್ಕಳು! ಆ ಮೇಲೆ ಬಂದವನು ಫ್ರಾನ್ಸಿಸ್ ಕ್ಯಾಬಟ್ ಲೋವೆಲ್ ಎಂಬ ಬಾಸ್ಟನ್ ಪಟ್ಟಣದ ಸಾಹುಕಾರ. ಇಂಗ್ಲೆಂಡಿನ ಗಿರಣಿಗಳನ್ನು ನೋಡಿಬಂದು, ಯಂತ್ರಮಗ್ಗದ ರಚನೆಯನ್ನು ನೆನಪಿನಲ್ಲೇ ಹೊತ್ತು ತಂದು, ನೂಲುವುದನ್ನೂ ನೇಯುವುದನ್ನೂ ಒಂದೇ ಸೂರಿನಡಿ ಮಾಡುವ ಗಿರಣಿಯನ್ನು ವಾಲ್ಥಮ್ ಎಂಬಲ್ಲಿ ೧೮೧೪ರಲ್ಲಿ ನಿಲ್ಲಿಸಿದ. ಅವನು ತೀರಿಕೊಂಡ ಬಳಿಕ ಅವನ ಪಾಲುದಾರರು ೧೮೨೨ರಿಂದ ಮೆರಿಮ್ಯಾಕ್ ನದಿಯ ದಂಡೆಯ ಮೇಲೆ ಒಂದು ಗಿರಣಿ ಊರನ್ನೇ ಕಟ್ಟಿ ಅದಕ್ಕೆ ಲೋವೆಲ್ ಎಂದೇ ಹೆಸರಿಟ್ಟರು. ಅದು ಇರುವುದು ಮ್ಯಾಸಚೂಸೆಟ್ಸ್ ಸಂಸ್ಥಾನದಲ್ಲಿ.

ಆ ಊರಿನ ಗಿರಣಿಗಳಲ್ಲಿ ದುಡಿದವರಲ್ಲಿ ಹೆಚ್ಚಿನವರು ಒಕ್ಕಲುತನದ ಮನೆಗಳ ಹೆಣ್ಣುಮಕ್ಕಳು. ಕೈಯಲ್ಲಿ ರೊಕ್ಕ ಬರುತ್ತದೆ, ತಮ್ಮನ ಓದಿಗೆ ಕಳಿಸಬಹುದು, ಅಪ್ಪನ ಸಾಲಕ್ಕೆ ಕೊಡಬಹುದು ಎಂದು ಅವರು ಹಳ್ಳಿ ಬಿಟ್ಟು ಬಂದರು. ಅವರಿದ್ದದ್ದು ಕಂಪನಿಯ ವಸತಿಗೃಹಗಳಲ್ಲಿ. ರಾತ್ರಿ ಹತ್ತಕ್ಕೆ ಬಾಗಿಲು ಬಂದ್. ಭಾನುವಾರ ಚರ್ಚಿಗೆ ಹೋಗಲೇಬೇಕು. ಏಳುವುದು, ಉಣ್ಣುವುದು, ಮಲಗುವುದು ಎಲ್ಲವೂ ಗಿರಣಿಯ ಗಂಟೆಯ ಪ್ರಕಾರವೇ. ಆದರೆ ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಅವರಿಗೆ ಓದುಬರಹ ಬರುತ್ತಿತ್ತು, ಊರಲ್ಲಿ ಪುಸ್ತಕಾಲಯವಿತ್ತು, ಉಪನ್ಯಾಸಗಳು ನಡೆಯುತ್ತಿದ್ದವು. ಮಾಲಿಕರು ಹೆಮ್ಮೆಗೆಂದು ತೋರಿಸುತ್ತಿದ್ದ ಈ ಅಕ್ಷರವೇ ಮುಂದೆ ಮಾಲಿಕರ ಮೇಲೆ ಅರ್ಜಿ ಬರೆಯಲು ಒದಗಿತು.

ಅವರ ದುಡಿಮೆ ಎಷ್ಟು ಗಂಟೆಯದು? ೧೮೪೫ರಲ್ಲಿ ಶಾಸನಸಭೆಯ ಸಮಿತಿಯ ಮುಂದೆ ಈಲೈಜಾ ಹೆಮಿಂಗ್‌ವೇ ಎಂಬ ಕೆಲಸಗಾರ್ತಿ ಸಾಕ್ಷಿ ಹೇಳಿದಳು. ಬೆಳಿಗ್ಗೆ ಐದರಿಂದ ಸಂಜೆ ಏಳರವರೆಗೆ ಕೆಲಸ. ನಡುವೆ ನಾಷ್ಟಾಕ್ಕೆ ಅರ್ಧ ಗಂಟೆ, ಊಟಕ್ಕೆ ಮುಕ್ಕಾಲು ಗಂಟೆ. ಲೆಕ್ಕ ಹಾಕಿರಿ, ಹನ್ನೆರಡು ಮುಕ್ಕಾಲು ಗಂಟೆಯಾಯಿತು. ಅವಳಿದ್ದ ಒಂದೇ ಖಾತೆಯಲ್ಲಿ ಸುಮಾರು ನೂರೈವತ್ತು ಜನ. ಬೆಳಕಿಗೆಂದು ೨೯೩ ಸಣ್ಣ ದೀಪ, ೬೧ ದೊಡ್ಡ ದೀಪ. ಆ ದೀಪಗಳ ಹೊಗೆ ಮತ್ತು ಧೂಳು ಕೂಡಿದ ಗಾಳಿ ಹೇಗಿರುತ್ತದೆಂದು ನಿಮಗೆ ನಾವು ವಿವರಿಸಬೇಕಾಗಿಲ್ಲ.

ಈ ಹೆಣ್ಣುಮಕ್ಕಳ ಹೋರಾಟಕ್ಕೆ ಬರುವ ಮುನ್ನ ಫಿಲಡೆಲ್ಫಿಯಾ ಪಟ್ಟಣದ ಕಡೆ ಒಮ್ಮೆ ನೋಡೋಣ. ಹತ್ತು ಗಂಟೆಯ ಕೂಗು ಅಲ್ಲಿ ಮೊದಲೇ ಎದ್ದಿತ್ತು. ೧೮೨೭ರಲ್ಲಿ ಅಲ್ಲಿಯ ಬಡಗಿಗಳು ಹತ್ತು ಗಂಟೆಗಾಗಿ ಮುಷ್ಕರ ಹೂಡಿ ಸೋತರು. ಸೋತವರು ಸುಮ್ಮನೆ ಕೂಡಲಿಲ್ಲ. ಬೇರೆಬೇರೆ ಕಸುಬಿನವರನ್ನು ಸೇರಿಸಿ ಒಂದು ಒಕ್ಕೂಟ ಮಾಡಿದರು. ಮರುವರ್ಷ ದುಡಿಯುವವರ ಪಕ್ಷವನ್ನೇ ಕಟ್ಟಿದರು. ೧೮೨೯ರಲ್ಲಿ ನ್ಯೂಯಾರ್ಕಿನಲ್ಲೂ ಅಂಥ ಪಕ್ಷ ಹುಟ್ಟಿತು. ಎಬೆನೀಜರ್ ಫೋರ್ಡ್ ಎಂಬ ಬಡಗಿಯೊಬ್ಬನನ್ನು ಶಾಸನಸಭೆಗೆ ಆರಿಸಿ ಕಳಿಸಿತು.

ಈ ಪಕ್ಷಗಳ ಬೇಡಿಕೆಗಳನ್ನು ವ್ಯಾಪಾರಿ ಬಂಧುಗಳು ಗಮನವಿಟ್ಟು ಕೇಳಬೇಕು. ಆ ಕಾಲದಲ್ಲಿ ಸಾಲ ತೀರಿಸಲಾರದವನನ್ನು ಜೈಲಿಗೆ ಹಾಕುವ ಕಾಯಿದೆಯಿತ್ತು. ಉದರಿ ತಂದ ಮಾಲು ಮಾರಿಹೋಗದಿದ್ದರೆ ಸಣ್ಣ ಅಂಗಡಿಕಾರನೂ ಒಳಗೆ, ಕೂಲಿಕಾರನೂ ಒಳಗೆ. ಒಳಗೆ ಕೂತವನು ದುಡಿಯುವುದು ಯಾವಾಗ, ಸಾಲ ತೀರಿಸುವುದು ಹೇಗೆ? ಈ ಕಾಯಿದೆ ಹೋಗಬೇಕೆಂದು ಆ ಪಕ್ಷದವರು ಕೇಳಿದರು. ನ್ಯೂಯಾರ್ಕ್ ಸಂಸ್ಥಾನ ೧೮೩೧ರಲ್ಲಿ ಅದನ್ನು ತೆಗೆದುಹಾಕುವ ಶಾಸನ ಮಾಡಿತು. ಎರಡನೆಯ ಬೇಡಿಕೆ ಶಾಲೆ. ಪೆನ್ಸಿಲ್ವೇನಿಯಾದಲ್ಲಿ ಬಡವರೆಂದು ಬರೆಸಿಕೊಂಡ ಮನೆಯ ಮಕ್ಕಳಿಗೆ ಮಾತ್ರ ಧರ್ಮದ ಶಿಕ್ಷಣ ಸಿಗುತ್ತಿತ್ತು. ನಮಗೆ ಧರ್ಮ ಬೇಡ, ಎಲ್ಲರ ಮಕ್ಕಳೂ ಒಂದೇ ಶಾಲೆಯಲ್ಲಿ ಕೂಡುವ ಹಕ್ಕು ಬೇಕು ಎಂದರು ಕೆಲಸಗಾರರು. ೧೮೩೪ರಲ್ಲಿ ಅಲ್ಲಿ ಸಾರ್ವಜನಿಕ ಶಾಲೆಗಳ ಕಾಯಿದೆ ಬಂತು.

ಮರುವರ್ಷ, ಅಂದರೆ ೧೮೩೫ರಲ್ಲಿ, ಫಿಲಡೆಲ್ಫಿಯಾದ ಹಡಗುಕಟ್ಟೆಯ ಕಲ್ಲಿದ್ದಲು ಹೊರುವವರು ಕೆಲಸ ನಿಲ್ಲಿಸಿದರು. ಅವರ ಬೆನ್ನಿಗೆ ಇಡೀ ಪಟ್ಟಣದ ಕಸುಬುದಾರರು, ಸುಮಾರು ಇಪ್ಪತ್ತು ಸಾವಿರ ಜನ, ಮುಷ್ಕರಕ್ಕಿಳಿದರು. ಆರರಿಂದ ಆರರವರೆಗೆ, ನಡುವೆ ಊಟಕ್ಕೆ ಎರಡು ಗಂಟೆ, ಇದೇ ಅವರ ಬೇಡಿಕೆ. ಅವರು ಗೆದ್ದರು. ಎಂಟು ವರ್ಷದ ಹಿಂದೆ ಬಡಗಿಗಳು ಒಂಟಿಯಾಗಿ ಸೋತ ಬೇಡಿಕೆಯೂ ಇದೇ ಆಗಿತ್ತು.

ಈಗ ಲೋವೆಲ್‌ಗೆ ಮರಳೋಣ. ಫಿಲಡೆಲ್ಫಿಯಾದ ಗಂಡಸರಿಗೆ ಮತವಿತ್ತು. ಲೋವೆಲ್ಲಿನ ಹೆಣ್ಣುಮಕ್ಕಳಿಗೆ ಮತವಿರಲಿಲ್ಲ. ೧೮೩೪ರಲ್ಲಿ ಕಂಪನಿಗಳು ಕೂಲಿ ಇಳಿಸಿದಾಗ ಸುಮಾರು ೮೦೦ ಹೆಣ್ಣುಮಕ್ಕಳು ಕೆಲಸ ಬಿಟ್ಟು ಬೀದಿಗೆ ಬಂದರು. ಕೆಲವೇ ದಿನಗಳಲ್ಲಿ ಮುಷ್ಕರ ಮುರಿಯಿತು. ೧೮೩೬ರಲ್ಲಿ ವಸತಿಗೃಹದ ಊಟದ ದರ ಏರಿದಾಗ ಸುಮಾರು ೧,೫೦೦ ಜನ ಹೊರಬಂದರು. ಹ್ಯಾರಿಯೆಟ್ ಹ್ಯಾನ್ಸನ್ ಎಂಬ ಹನ್ನೊಂದು ವರ್ಷದ ಹುಡುಗಿ, ತುಂಬಿದ ಬಾಬಿನ್ ತೆಗೆದು ಖಾಲಿ ಬಾಬಿನ್ ಹಾಕುವ ಕೆಲಸದವಳು, ತನ್ನ ಖಾತೆಯ ದೊಡ್ಡವರು ಹಿಂದೆಮುಂದೆ ನೋಡುತ್ತಿದ್ದಾಗ ತಾನೇ ಮುಂದಾಗಿ ಹೊರನಡೆದಳು. ಉಳಿದವರು ಅವಳ ಹಿಂದೆ ಹೊರಟರು. ಅವಳ ತಾಯಿ ಕಂಪನಿಯ ವಸತಿಗೃಹ ನಡೆಸುತ್ತಿದ್ದ ವಿಧವೆ. ಮಗಳನ್ನು ಹಿಡಿತದಲ್ಲಿಡಲಿಲ್ಲವೆಂದು ಕಂಪನಿ ಆ ತಾಯಿಯ ಕೆಲಸ ತೆಗೆಯಿತು.

ಎರಡು ಮುಷ್ಕರಗಳ ಬಳಿಕ ಅವರು ಬೇರೊಂದು ದಾರಿ ಹಿಡಿದರು. ೧೮೪೪ರ ಕೊನೆಗೆ ಸಾರಾ ಬ್ಯಾಗ್ಲಿ ಎಂಬ ನೇಕಾರಳ ಮುಂದಾಳುತನದಲ್ಲಿ ಮಹಿಳಾ ಕಾರ್ಮಿಕ ಸುಧಾರಣಾ ಸಂಘ ಸ್ಥಾಪನೆಯಾಯಿತು. ವಾಯ್ಸ್ ಆಫ್ ಇಂಡಸ್ಟ್ರಿ ಎಂಬ ವಾರಪತ್ರಿಕೆ ಅವರ ದನಿಯಾಯಿತು. ಹತ್ತು ಗಂಟೆಯ ಕಾಯಿದೆ ಮಾಡಿರೆಂದು ಎರಡು ಸಾವಿರಕ್ಕೂ ಹೆಚ್ಚು ಸಹಿಗಳ ಅರ್ಜಿ ಮ್ಯಾಸಚೂಸೆಟ್ಸ್ ಶಾಸನಸಭೆಗೆ ಹೋಯಿತು. ಮೇಲೆ ಹೇಳಿದ ಸಮಿತಿ ಕೂತದ್ದು ಈ ಅರ್ಜಿಯ ಮೇಲೆಯೇ. ಅದರ ಅಧ್ಯಕ್ಷ ವಿಲಿಯಮ್ ಸ್ಕೂಲರ್, ಲೋವೆಲ್ಲಿನಿಂದಲೇ ಆರಿಸಿಬಂದವನು, ಪತ್ರಿಕೆಯೊಂದರ ಮಾಲಿಕ. ಸಮಿತಿ ಸಾಕ್ಷಿ ಕೇಳಿತು, ಗಿರಣಿಗಳನ್ನು ನೋಡಲು ಹೋಯಿತು. ಕಂಪೌಂಡಿನ ಹುಲ್ಲು, ಮರ, ಹೂವುಗಳನ್ನು ಮೆಚ್ಚಿ ವರದಿಯಲ್ಲಿ ಬರೆಯಿತು! ಕೊನೆಗೆ ಹೇಳಿದ್ದೇನು? ಇಲ್ಲಿಯ ಕೆಲಸಗಾರರು ಬುದ್ಧಿವಂತರು, ತಮ್ಮ ಕರಾರನ್ನು ತಾವೇ ಮಾಡಿಕೊಳ್ಳಬಲ್ಲರು. ಇದಕ್ಕೆ ಪರಿಹಾರ ಶಾಸನಸಭೆಯ ಕೈಯಲ್ಲಿಲ್ಲ.

ಮತವಿಲ್ಲದ ಆ ಹೆಣ್ಣುಮಕ್ಕಳು ಸ್ಕೂಲರನನ್ನು ಮತ್ತೆ ಆರಿಸಕೂಡದೆಂದು ಪ್ರಚಾರ ಮಾಡಿದರು. ಆ ವರ್ಷದ ಚುನಾವಣೆಯಲ್ಲಿ ಅವನು ಸೋತ. ಅವರ ಪ್ರಚಾರವೊಂದೇ ಇದಕ್ಕೆ ಕಾರಣವೆಂದು ನಾವು ಹೇಳುವುದಿಲ್ಲ. ಆದರೆ ಮತವಿಲ್ಲದವರ ಮಾತೂ ಮತದ ಪೆಟ್ಟಿಗೆಯ ತನಕ ಹೋಯಿತು. ಮರುವರ್ಷ ಲೋವೆಲ್ ಒಂದರಿಂದಲೇ ನಾಲ್ಕು ಸಾವಿರಕ್ಕೂ ಹೆಚ್ಚು ಜನ ಅರ್ಜಿಗೆ ಸಹಿ ಹಾಕಿದರು. ಆಗಲೂ ಕಾಯಿದೆ ಆಗಲಿಲ್ಲ.

ನಾವು ಮುಖ್ಯವಾಗಿ ಹೇಳಬೇಕೆಂದಿರುವ ಸಂಗತಿ ಇನ್ನು ಮುಂದಿದೆ. ೧೮೪೭ರಲ್ಲಿ ನೆರೆಯ ನ್ಯೂ ಹ್ಯಾಂಪ್‌ಶೈರ್ ಸಂಸ್ಥಾನ ಹತ್ತು ಗಂಟೆಯ ಕಾಯಿದೆ ಮಾಡಿತು. ಅಮೆರಿಕದಲ್ಲಿ ಇದೇ ಮೊದಲನೆಯದು. ಕೆಲಸಗಾರರು ಹಿಗ್ಗಿದರು. ಆದರೆ ಅದರಲ್ಲಿ ಒಂದು ಸಣ್ಣ ಸಾಲು ಸೇರಿತ್ತು: ಕೆಲಸಗಾರ ತಾನೇ ಒಪ್ಪಿ ಕರಾರು ಮಾಡಿಕೊಟ್ಟರೆ ಹೆಚ್ಚು ಗಂಟೆ ದುಡಿಸಬಹುದು. ಕಾಯಿದೆ ಜಾರಿಗೆ ಬರುವ ಮೊದಲೇ ಮಾಲಿಕರು ಕರಾರಿನ ಕಾಗದಗಳನ್ನು ಹಿಡಿದು ಬಂದರು. ಸಹಿ ಹಾಕಿದವರಿಗೆ ಕೆಲಸ. ಹಾಕದವರಿಗೆ ಗೇಟಿನ ಹೊರಗೆ ದಾರಿ. ಕಾಯಿದೆ ಪುಸ್ತಕದಲ್ಲಿ ಉಳಿಯಿತು, ಗಿರಣಿಯ ಗಂಟೆ ಎಂದಿನಂತೆ ಬಾರಿಸಿತು. ಮ್ಯಾಸಚೂಸೆಟ್ಸ್‌ನಲ್ಲಿ ಹೆಂಗಸರಿಗೂ ಮಕ್ಕಳಿಗೂ ಹತ್ತು ಗಂಟೆಯ ಮಿತಿ ಬಂದದ್ದು ೧೮೭೪ರಲ್ಲಿ, ಸಮಿತಿ ಕೂತ ಇಪ್ಪತ್ತೊಂಬತ್ತು ವರ್ಷಗಳ ಮೇಲೆ.

ಏಕೆ ಇಷ್ಟು ತಡವಾಯಿತು? ಮಾಲಿಕರ ಬಲ ಒಂದು ಕಾರಣ. ಊರಿನವರು ಕೂಲಿಗಾಗಿ ತಕರಾರು ಮಾಡಿದಾಗ ಹಸಿದು ಬಂದ ಐರಿಷ್ ವಲಸೆಗಾರರು ಕೆಲಸಕ್ಕೆ ಸಿಕ್ಕಿದ್ದು ಇನ್ನೊಂದು. ಮೂರನೆಯದನ್ನು ಅಮೆರಿಕದವರು ಬಹುಕಾಲ ಬಾಯಿಬಿಟ್ಟು ಹೇಳಲಿಲ್ಲ. ಲೋವೆಲ್ ಗಿರಣಿಗೆ ಬರುತ್ತಿದ್ದ ಹತ್ತಿ ದಕ್ಷಿಣದ ಸಂಸ್ಥಾನಗಳಲ್ಲಿ ಕರಿಯ ಗುಲಾಮರು ಬಿಡಿಸಿದ್ದು. ಅಲ್ಲಿ ನೇಯ್ದ ಒರಟು ಬಟ್ಟೆಯಲ್ಲಿ ಒಂದು ಪಾಲು ಆ ಗುಲಾಮರಿಗೇ ಹೊದಿಸಲು ಹೋಗುತ್ತಿತ್ತು. ಮಗ್ಗದ ಒಡೆಯನೂ ಚಾವಟಿಯ ಒಡೆಯನೂ ಒಂದೇ ವ್ಯಾಪಾರದ ಪಾಲುದಾರರಾಗಿದ್ದರು. ಗಿರಣಿಯ ಹೆಣ್ಣುಮಕ್ಕಳಲ್ಲಿ ಅನೇಕರು ಗುಲಾಮಗಿರಿಯ ವಿರುದ್ಧದ ಅರ್ಜಿಗಳಿಗೂ ಸಹಿ ಹಾಕಿದರು. ಆದರೆ ದುಡಿಯುವವರ ಪಕ್ಷಗಳು ಆ ಮಾತನ್ನು ಬದಿಗಿಟ್ಟವು. ಒಂದು ಭಾಗದ ದುಡಿಮೆಗಾರರು ಸರಪಳಿಯಲ್ಲಿರುವಾಗ ಇನ್ನೊಂದು ಭಾಗದ ಕೂಲಿ ಎಷ್ಟು ಏರೀತು?

ಈ ಹತ್ತಿಯ ನಂಟು ನಮ್ಮ ನಾಡಿನವರೆಗೂ ಬಂದಿದೆ. ೧೮೪೦ರ ದಶಕದಲ್ಲಿ ಇಂಗ್ಲಿಷರು ಅಮೆರಿಕದ ನ್ಯೂ ಆರ್ಲಿಯನ್ಸ್ ಹತ್ತಿಯ ಬೀಜವನ್ನು ಧಾರವಾಡ ಸೀಮೆಯಲ್ಲಿ ಬಿತ್ತಿಸಿದರು. ೧೮೬೧ರಲ್ಲಿ ಗುಲಾಮಗಿರಿಯ ಮೇಲೆ ಅಲ್ಲಿ ಅಂತರ್ಯುದ್ಧ ಎದ್ದು ಆ ಹತ್ತಿ ಹೊರಬರದಾದಾಗ ಇಲ್ಲಿಯ ಹತ್ತಿಯ ಬೆಲೆ ಗಗನಕ್ಕೇರಿತು. ೧೮೬೫ರಲ್ಲಿ ಯುದ್ಧ ಮುಗಿದದ್ದೇ ತಡ, ಕೆಳಗೆ ಬಿತ್ತು.

ಇನ್ನೊಂದು ನಂಟು ತೀರ ಇತ್ತೀಚಿನದು. ೨೦೨೩ರ ಫೆಬ್ರುವರಿಯಲ್ಲಿ ಕರ್ನಾಟಕದ ವಿಧಾನಮಂಡಲ ಕಾರ್ಖಾನೆ ಕಾಯಿದೆಗೆ ತಿದ್ದುಪಡಿ ಮಾಡಿತು. ವಾರಕ್ಕೆ ೪೮ ಗಂಟೆಯ ಮಿತಿಯೊಳಗೆ, ದಿನಕ್ಕೆ ೧೨ ಗಂಟೆಯವರೆಗೆ ಕೆಲಸವಿಡಲು ಅದು ಅವಕಾಶ ಕೊಟ್ಟಿತು. ಷರತ್ತೇನು? ಕೆಲಸಗಾರನ ಲಿಖಿತ ಒಪ್ಪಿಗೆ! ಎರಡು ಕಾಯಿದೆಗಳೂ ಒಂದೇ ಎಂದು ನಾವು ಹೇಳುವುದಿಲ್ಲ. ನ್ಯೂ ಹ್ಯಾಂಪ್‌ಶೈರಿನವರಿಗೆ ವಾರದ ಮಿತಿಯ ಆಸರೆ ಇರಲಿಲ್ಲ. ಆದರೆ ಮನೆಯಲ್ಲಿ ಒಲೆ ಉರಿಯಬೇಕಾದವನು ಆಫೀಸಿನ ಮೇಜಿನ ಮುಂದೆ ಒಬ್ಬನೇ ನಿಂತು ಹಾಕುವ ಸಹಿಯನ್ನು ಒಪ್ಪಿಗೆ ಎನ್ನಬಹುದೇ? ಈ ಪ್ರಶ್ನೆ ೧೮೪೭ರದ್ದೂ ಹೌದು, ನಮ್ಮದೂ ಹೌದು.

ಆದುದರಿಂದ ನಾವು ಕೇಳಿಕೊಳ್ಳುವುದು ಇಷ್ಟೇ. ಸಹಿಗೆಂದು ಯಾವ ಕಾಗದ ಬಂದರೂ ಮೊದಲು ಅದನ್ನು ಸಂಘಕ್ಕೆ ತನ್ನಿರಿ. ಓದು ಬಲ್ಲವರು ಗಟ್ಟಿಯಾಗಿ ಓದಿ ಹೇಳಲಿ. ಒಪ್ಪುವುದಾದರೆ ಎಲ್ಲರೂ ಕೂಡಿ ಒಪ್ಪೋಣ, ಬೇಡವೆನ್ನುವುದಾದರೆ ಎಲ್ಲರೂ ಕೂಡಿ ಬೇಡವೆನ್ನೋಣ. ಕಾಯಂ ಕೆಲಸಗಾರರು ಗುತ್ತಿಗೆಯವರನ್ನೂ ಹೊರಗಿನಿಂದ ಬಂದವರನ್ನೂ ಸಂಘದೊಳಗೆ ಕರೆದುಕೊಳ್ಳಬೇಕು. ಅವರನ್ನು ಹೊರಗಿಟ್ಟರೆ ನಾಳೆ ನಮ್ಮ ಜಾಗಕ್ಕೆ ಬರುವವರು ಅವರೇ. ವ್ಯಾಪಾರಿ ಬಂಧುಗಳೇ, ನಿಮ್ಮ ಗಲ್ಲಾಪೆಟ್ಟಿಗೆಗೆ ಬೀಳುವ ರೊಕ್ಕ ಈ ಜನರ ಪಗಾರದ್ದು. ಹನ್ನೆರಡು ಗಂಟೆ ದುಡಿದು ಬಂದವನಿಗೆ ಪೇಟೆಗೆ ಬರಲು ಹೊತ್ತೂ ಇರುವುದಿಲ್ಲ, ತ್ರಾಣವೂ ಇರುವುದಿಲ್ಲ. ಗಿರಣಿಯ ಗೇಟು ಮುಚ್ಚಿದ ದಿನಗಳಲ್ಲಿ ನೀವು ಕೊಡುವ ಒಂದು ತಿಂಗಳ ಉದರಿ ಅವನನ್ನು ಸಂಘದಲ್ಲಿ ಉಳಿಸುತ್ತದೆ.

ಲೋವೆಲ್ಲಿನ ಹೆಣ್ಣುಮಕ್ಕಳಿಗೆ ಮತವಿರಲಿಲ್ಲ, ನಮಗೆ ಇದೆ. ಅಷ್ಟು ಹೆಚ್ಚಿನ ಬಲವಿರುವ ನಾವು ಅವರಿಗಿಂತ ಕಡಿಮೆ ಕೆಲಸ ಮಾಡಿದರೆ ಹೇಗೆ? ಬರುವ ಭಾನುವಾರ ಸಂಘದ ಕಚೇರಿಯಲ್ಲಿ ತಿದ್ದುಪಡಿಯ ಕಲಮುಗಳನ್ನು ಒಂದೊಂದಾಗಿ ಓದೋಣ. ಹೆಂಗಸರನ್ನೂ ತಪ್ಪದೆ ಕರೆತನ್ನಿರಿ.